ಮನೆಯಲ್ಲೇ ಫ್ಯಾನ್ ರೆಗ್ಯುಲೇಟರ್ ಕಟ್ಟುವವರಿಗೆ: ಪೆಟ್ಟಿಗೆ ಮೊದಲು, ಬೆಸುಗೆ ಆಮೇಲೆ

ಫ್ಯಾನ್ ವೇಗ ನಿಯಂತ್ರಕದ ಸರ್ಕ್ಯೂಟ್ ತೀರ ಚಿಕ್ಕದು. ಎಸಿ ತರಂಗವನ್ನು ಕತ್ತರಿಸಿ ಬಿಡುವ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಒಂದು, ಅದನ್ನು ಎಬ್ಬಿಸುವ ಡಯಾಕ್ ಒಂದು, ನಾಬಿನಿಂದ ತಿರುಗಿಸುವ ಪೊಟೆನ್ಶಿಯೋಮೀಟರ್ ಒಂದು ಮತ್ತು ನಾಲ್ಕಾರು ರೆಸಿಸ್ಟರ್, ಕೆಪಾಸಿಟರ್‌ಗಳಲ್ಲಿ ಅದು ಮುಗಿಯುತ್ತದೆ. ಹಾಗಿದ್ದೂ ಇದನ್ನು ಕಟ್ಟಲು ಹೊರಟವರು ಮತ್ತೆ ಮತ್ತೆ ಎಡವುವುದು ಕೆಲಸದ ಕ್ರಮದಲ್ಲಿ. ಮೊದಲು ಬೋರ್ಡನ್ನು ಬೆಸೆದು, ಮೇಜಿನ ಮೇಲೆ ಬತ್ತಲೆ ತಂತಿಯಲ್ಲೇ ಓಡಿಸಿ ನೋಡಿ, ಎಲ್ಲ ಸರಿಯಿದೆ ಎನಿಸಿದ ಮೇಲೆ ಕೈಗೆ ಸಿಕ್ಕ ಡಬ್ಬಿಯೊಳಗೆ ಅದನ್ನು ತುರುಕುತ್ತಾರೆ. ಈ ಬೋರ್ಡಿನ ಪ್ರತಿಯೊಂದು ಬಿಂದುವೂ 230 ವೋಲ್ಟಿನ ಫೇಸ್‌ಗೆ ನೇರವಾಗಿ ತಗುಲಿಕೊಂಡಿರುತ್ತದೆ. ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲ, ಆದ್ದರಿಂದ ಇಲ್ಲಿ ‘ಕಡಿಮೆ ವೋಲ್ಟೇಜಿನ ಭಾಗ’ ಎಂಬುದೇ ಇಲ್ಲ. ಮುಂದಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಬೇಕು. ಈ ಮೊದಲು ಬೆಸುಗೆ ಕೆಲಸ ಮಾಡಿ ಅಭ್ಯಾಸವಿಲ್ಲದವರು ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್‌ಗಳಲ್ಲಿ ಕೈ ಪಳಗಿಸಿಕೊಂಡ ಬಳಿಕವೇ ಇದಕ್ಕೆ ಇಳಿಯಬೇಕು.

ಹಂತ 1. ಯಾವ ಫ್ಯಾನಿಗೆ, ಯಾವ ಮನೆಯಲ್ಲಿ

ಇಲ್ಲಿ ವಿವರಿಸುವುದು ಪ್ಲಗ್ ಮತ್ತು ಸಾಕೆಟ್ ಇರುವ ಪ್ರತ್ಯೇಕ ಪೆಟ್ಟಿಗೆಯನ್ನು. ಗೋಡೆಯ ಸ್ವಿಚ್ ಬೋರ್ಡಿನೊಳಗೆ ಇದನ್ನು ಕೂರಿಸಬಾರದು. ಸೀಲಿಂಗ್ ಫ್ಯಾನಿಗೆ ಬೇಕಿದ್ದರೆ ಐಎಸ್‌ಐ ಮುದ್ರೆಯುಳ್ಳ ಸಿದ್ಧ ರೆಗ್ಯುಲೇಟರ್ ತಂದು, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸುವುದೇ ಸರಿ. ಬಾಡಿಗೆ ಮನೆಯಲ್ಲಿದ್ದರಂತೂ ಗೋಡೆಯ ವೈರಿಂಗನ್ನು ಮುಟ್ಟುವ ಮಾತೇ ಬೇಡ.

75 ವ್ಯಾಟ್ ಒಳಗಿನ, ಸಾಮಾನ್ಯ ಎಸಿ ಇಂಡಕ್ಷನ್ ಮೋಟಾರಿನ ಟೇಬಲ್ ಫ್ಯಾನ್, ಪೆಡಸ್ಟಲ್ ಫ್ಯಾನ್, ಗೋಡೆ ಫ್ಯಾನ್ ಅಥವಾ ಅಡುಗೆಮನೆಯ ಚಿಕ್ಕ ಎಕ್ಸಾಸ್ಟ್ ಫ್ಯಾನಿಗೆ ಇದು ಹೊಂದುತ್ತದೆ. ಬಿಎಲ್‌ಡಿಸಿ ಫ್ಯಾನಿಗೂ ರಿಮೋಟ್ ಇರುವ ಫ್ಯಾನಿಗೂ ಖಂಡಿತ ಬೇಡ. ಅವುಗಳ ಒಳಗೆ ತಮ್ಮದೇ ಎಲೆಕ್ಟ್ರಾನಿಕ್ಸ್ ಇರುತ್ತದೆ ಮತ್ತು ಕತ್ತರಿಸಿದ ಎಸಿ ತರಂಗದಿಂದ ಅದು ಸುಟ್ಟುಹೋಗಬಹುದು. ಮುಂಬಯಿ ಕಡೆ ಹೋಟೆಲ್ ನಡೆಸುವ ನಮ್ಮ ಕನ್ನಡಿಗರು ಅಡುಗೆಮನೆಯ ದೊಡ್ಡ ಎಕ್ಸಾಸ್ಟಿಗೂ ಇದೇ ಸಾಲದೇ ಎಂದು ಕೇಳುವುದುಂಟು. ಸಾಲದು. ಅದರ ಮೋಟಾರು ಎಳೆಯುವ ಕರೆಂಟು ಬೇರೆ, ಜಿಡ್ಡು ಮತ್ತು ಬಿಸಿ ತುಂಬಿದ ಆ ಜಾಗವೂ ಬೇರೆ.

ಇನ್ನು ಮನೆಯ ಮಾತು. ಮುಂಬಯಿಯ ಪರೇಲ್, ಗಿರಗಾಂವ್ ಕಡೆಯ ಹಳೆಯ ಚಾಳುಗಳಲ್ಲಿ (ಸಾಲುಮನೆಗಳಲ್ಲಿ) ಎರಡು ಪಿನ್ನಿನ ಸಾಕೆಟ್, ಅರ್ಥ್ ಇಲ್ಲದ ವೈರಿಂಗ್, ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾದ ಬೋರ್ಡು, ಇವು ಅಪರೂಪವೇನಲ್ಲ. ಸಾಕೆಟ್ಟಿಗೆ ಎದುರಾಗಿ ನಿಂತಾಗ ದೊಡ್ಡ ಅರ್ಥ್ ರಂಧ್ರ ಮೇಲಿದ್ದು, ಬಲಗಡೆಯ ರಂಧ್ರದಲ್ಲಿ ಟೆಸ್ಟರ್ ಉರಿಯಬೇಕು, ಎಡಗಡೆಯದರಲ್ಲಿ ಉರಿಯಬಾರದು. ಹಾಗಿಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಿಕೊಂಡು ಮುಂದುವರಿಯಬೇಕು. ಮೀಟರಿನ ಬಳಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ತಾನೇ ಬೀಳುವ ಸ್ವಿಚ್) ಇದೆಯೇ ನೋಡಿ, ಅದರ ಟೆಸ್ಟ್ ಗುಂಡಿ ಒತ್ತಿ ಅದು ಬೀಳುತ್ತದೆಯೇ ಖಚಿತಪಡಿಸಿಕೊಳ್ಳಬೇಕು. ಆರ್‌ಸಿಸಿಬಿ ಇದೆಯೆಂದು ಮೈಮರೆಯುವಂತಿಲ್ಲ: ಒಂದು ಕೈ ಫೇಸ್‌ಗೂ ಇನ್ನೊಂದು ಕೈ ನ್ಯೂಟ್ರಲ್‌ಗೂ ತಗುಲಿದರೆ ಅದಕ್ಕೆ ನಿಮ್ಮ ಮೈಗೂ ಬಲ್ಬಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಹಂತ 2. ಸಾಮಾನು ತರುವುದು

ಮುಂಬಯಿಯಲ್ಲಿ ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಲ್ಯಾಮಿಂಗ್ಟನ್ ರಸ್ತೆ, ಪುಣೆಯಲ್ಲಿ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯ ಆಸುಪಾಸು ಎಲ್ಲ ಬಿಡಿಭಾಗಗಳೂ ಸಿಗುತ್ತವೆ. ಪ್ಲಗ್, ಕೇಬಲ್, ಸಾಕೆಟ್‌ನಂಥ ಎಲೆಕ್ಟ್ರಿಕ್ ಸಾಮಾನಿಗೆ ಮುಂಬಯಿಯವರು ಲೋಹಾರ್ ಚಾಳಿಗೆ ಹೋಗುತ್ತಾರೆ. ಪಟ್ಟಿಯನ್ನು ಬರೆದುಕೊಂಡೇ ಹೋಗಬೇಕು; ‘ಇದರ ಬದಲು ಇದು ನಡೆಯುತ್ತದೆ’ ಎಂದು ಅಂಗಡಿಯವರು ಕೊಡುವ ಬದಲಿ ಸಾಮಾನಿನಿಂದಲೇ ಅರ್ಧ ತೊಂದರೆಗಳು ಹುಟ್ಟುತ್ತವೆ.

ಟ್ರಯಾಕ್ ಬಿಟಿಎ12-600 ಆಗಿರಲಿ. ಎಲ್ಲರೂ ಹೇಳುವ ಬಿಟಿ136 ಕೂಡ ಈ ಕರೆಂಟಿಗೆ ಸಾಕು, ಆದರೆ ಅದರ ಲೋಹದ ಬೆನ್ನು ಎರಡನೇ ಕಾಲಿಗೆ ಒಳಗೇ ಜೋಡಿಸಿರುತ್ತದೆ, ಅಂದರೆ ಬೆನ್ನಿನಲ್ಲಿ ಪೂರ್ತಿ ಫೇಸ್ ಇರುತ್ತದೆ. ಬಿಟಿಎ ಸರಣಿಯ ಬೆನ್ನು ಒಳಗಿನಿಂದ ಬೇರ್ಪಟ್ಟಿರುತ್ತದೆ. ಬಿಟಿ151 ಕೊಟ್ಟರೆ ಹಿಂತಿರುಗಿಸಿ. ನೋಡಲು ಹಾಗೇ ಇದ್ದರೂ ಅದು ಎಸ್‌ಸಿಆರ್, ತರಂಗದ ಅರ್ಧವನ್ನು ಮಾತ್ರ ಬಿಡುತ್ತದೆ.

ಡಯಾಕ್ ಡಿಬಿ3. ಪೊಟೆನ್ಶಿಯೋಮೀಟರ್ 500 ಕಿಲೋ ಓಮ್, ಲೀನಿಯರ್, ಪ್ಲಾಸ್ಟಿಕ್ ದಂಡಿನದು. ಸ್ಕ್ರೂ ಇಲ್ಲದೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ನಾಬ್. 22 ಕಿಲೋ ಓಮ್ ಮತ್ತು 100 ಓಮ್, ಎರಡೂ 1 ವ್ಯಾಟಿನವು. 470, 330 ಮತ್ತು 220 ಕಿಲೋ ಓಮ್, ಅರ್ಧ ವ್ಯಾಟಿನವು ಒಂದೊಂದು. ಸಮಯ ನಿರ್ಧರಿಸುವ ಕೆಪಾಸಿಟರ್ 0.1 ಮೈಕ್ರೋ ಫ್ಯಾರಡ್, 400 ವೋಲ್ಟಿನ ಫಿಲ್ಮ್ ಮಾದರಿ. ಸ್ನಬ್ಬರಿಗೆ, ಅಂದರೆ ಟ್ರಯಾಕಿನ ಮೇಲೆ ವೋಲ್ಟೇಜ್ ಧುತ್ತೆಂದು ಏರದಂತೆ ತಡೆಯುವ ರೆಸಿಸ್ಟರ್-ಕೆಪಾಸಿಟರ್ ಜೋಡಿಗೆ, ಅಷ್ಟೇ ಮೈಕ್ರೋ ಫ್ಯಾರಡಿನ ಇನ್ನೊಂದು ಕೆಪಾಸಿಟರ್, ಆದರೆ ಅದರ ಮೈಮೇಲೆ ‘ಎಕ್ಸ್2’ ಮತ್ತು 275 ವೋಲ್ಟ್ ಎಸಿ ಎಂದು ಅಚ್ಚಾಗಿರಲೇಬೇಕು. ಅಂಗಡಿಯಲ್ಲಿ ಇದನ್ನು ‘ಪಾಯಿಂಟ್ ಒನ್, ಟೂ ಸೆವೆಂಟಿ ಫೈವ್’ ಎಂದು ಕೇಳಿದರೆ ಥಟ್ಟನೆ ಸಿಗುತ್ತದೆ. ಸರ್ಜ್ (ಒಮ್ಮೆಲೇ ಏರಿ ಬರುವ ವೋಲ್ಟೇಜ್) ತಡೆಯಲು 14ಡಿ471 ಎಂಬ ಎಂಒವಿ ಒಂದು.

ಫ್ಯೂಸ್ 1 ಆಂಪಿಯರ್, 250 ವೋಲ್ಟಿನದು, ಮರಳು ತುಂಬಿದ ಸೆರಾಮಿಕ್ ಕೊಳವೆಯದು ಮತ್ತು ಅದಕ್ಕೆ ಮುಚ್ಚಳವಿರುವ ಹೋಲ್ಡರ್. ಗಾಜಿನ ಫ್ಯೂಸ್ ಬೇಡ. ಶಾರ್ಟ್ ಆದಾಗ ಹರಿಯುವ ಭಾರೀ ಕರೆಂಟನ್ನು ಕಡಿದು ನಿಲ್ಲಿಸುವ ತಾಕತ್ತು ಅದಕ್ಕೆ ಕಡಿಮೆ. ಇವಲ್ಲದೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಸ್ವಿಚ್, 6 ಆಂಪಿಯರಿನ ಮೂರು ಪಿನ್ ಪ್ಲಗ್ ಮತ್ತು ಸಾಕೆಟ್, 0.75 ಚದರ ಮಿ.ಮೀ. ದಪ್ಪದ ಮೂರು ಎಳೆಯ ಕೇಬಲ್, ಅದನ್ನು ಪೆಟ್ಟಿಗೆಯ ತೂತಿನಲ್ಲಿ ಬಿಗಿದು ಹಿಡಿಯುವ ಪಿಜಿ9 ಗ್ಲ್ಯಾಂಡ್, ಗಟ್ಟಿ ಪ್ಲಾಸ್ಟಿಕ್ಕಿನ ಜಂಕ್ಷನ್ ಬಾಕ್ಸ್ ಬೇಕು. ಪರೀಕ್ಷೆಗಾಗಿ 60 ಮತ್ತು 100 ವ್ಯಾಟಿನ ಹಳೆಯ ಕಾಲದ ತಂತಿ ಬಲ್ಬುಗಳು, ಹೋಲ್ಡರ್ ಸಮೇತ. ಈ ಕೆಲಸಕ್ಕೆ ಎಲ್ಇಡಿ ಬಲ್ಬು ನಡೆಯುವುದಿಲ್ಲ.

ಹಂತ 3. ಟ್ರಯಾಕ್ ತಪಾಸಣೆ

ಬೆಸೆಯುವ ಮೊದಲು ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ನೋಡಬೇಕು. ಅಚ್ಚಾದ ಮುಖ ನಿಮ್ಮ ಕಡೆಗೂ ಕಾಲುಗಳು ಕೆಳಗೂ ಇದ್ದಾಗ ಎಡದಿಂದ ಬಲಕ್ಕೆ ಒಂದು, ಎರಡು, ಮೂರು, ಮೂರನೆಯದು ಗೇಟ್, ಅಂದರೆ ಟ್ರಯಾಕನ್ನು ತೆರೆಸುವ ಕಾಲು. ಒಂದಕ್ಕೂ ಎರಡಕ್ಕೂ ನಡುವೆ ಪ್ರೋಬ್‌ಗಳನ್ನು ಹೇಗೆ ತಿರುಗಿಸಿ ಇಟ್ಟರೂ ಮೀಟರು ಏನನ್ನೂ ತೋರಿಸಬಾರದು. ಒಂದಕ್ಕೂ ಮೂರಕ್ಕೂ ನಡುವೆ ಎರಡೂ ದಿಕ್ಕಿನಲ್ಲಿ ಕಡಿಮೆ ಓಮ್ ಬರಬೇಕು. ಬಿಟಿಎ ಎಂದು ಹೇಳಿ ಕೊಟ್ಟದ್ದು ನಿಜವಾಗಿ ಬಿಟಿಎ ಹೌದೇ ಎಂದು ತಿಳಿಯಲು ಎರಡನೇ ಕಾಲಿಗೂ ಲೋಹದ ಬೆನ್ನಿಗೂ ಪ್ರೋಬ್ ಇಡಿ. ಸಂಪರ್ಕ ಕಂಡರೆ ಅದು ಬೇರೆ ಸಾಮಾನು.

ಹಂತ 4. ಪೆಟ್ಟಿಗೆಯನ್ನು ಪೂರ್ತಿ ಸಿದ್ಧಪಡಿಸುವುದು

ಈ ಹಂತಕ್ಕೆ ಒಂದು ಇಡೀ ಸಂಜೆ ಕೊಟ್ಟರೂ ತಪ್ಪಿಲ್ಲ. ಕೇಬಲ್ ಒಳಬರುವ ತೂತು, ಸ್ವಿಚ್ಚಿನ ಕಿಂಡಿ, ಸಾಕೆಟ್ಟಿನ ಕಿಂಡಿ, ನಾಬಿನ ತೂತು, ಬೋರ್ಡನ್ನು ನಿಲ್ಲಿಸುವ ಪ್ಲಾಸ್ಟಿಕ್ ಕಂಬಗಳು, ಎಲ್ಲವನ್ನೂ ಬೋರ್ಡು ಹುಟ್ಟುವ ಮೊದಲೇ ಮುಗಿಸಬೇಕು. ಬೋರ್ಡಿನ ಅಳತೆಯನ್ನು ಪೆಟ್ಟಿಗೆ ನಿರ್ಧರಿಸಬೇಕೇ ಹೊರತು ಬೋರ್ಡಿಗಾಗಿ ಪೆಟ್ಟಿಗೆಯನ್ನು ಕೊರೆಯುತ್ತ ಹೋಗಬಾರದು.

ಗ್ಲ್ಯಾಂಡ್ ಬಿಗಿದ ಮೇಲೆ ಕೇಬಲನ್ನು ಬಲವಾಗಿ ಎಳೆದು ನೋಡಿ. ಒಂದು ಮಿಲಿಮೀಟರ್ ಜಾರಿದರೂ ಮತ್ತೆ ಬಿಗಿಯಬೇಕು. ಗ್ಲ್ಯಾಂಡಿನ ಬದಲು ಒಳಗಡೆ ಗಂಟು ಹಾಕಿ ಬಿಡುವ ರೂಢಿ ಇದೆ. ನಾಲ್ಕು ಸಲ ಎಳೆದಾಡಿದರೆ ಆ ಗಂಟೇ ತಂತಿಯ ಹೊದಿಕೆಯನ್ನು ಕಡಿಯುತ್ತದೆ. ಒಳಗಡೆ ಹಸಿರು ಅರ್ಥ್ ತಂತಿಯನ್ನು ಉಳಿದೆರಡಕ್ಕಿಂತ ಉದ್ದವಾಗಿ ಬಿಡಬೇಕು. ಕೇಬಲ್ ಎಂದಾದರೂ ಕಿತ್ತು ಬಂದರೆ ಫೇಸ್ ಮೊದಲು ಕಳಚಿ, ಅರ್ಥ್ ಕೊನೆಯವರೆಗೂ ಉಳಿಯುತ್ತದೆ.

ಈಗ ದಾರಿಗಳನ್ನು ಜೋಡಿಸಿ. ಪ್ಲಗ್‌ನಿಂದ ಬಂದ ಅರ್ಥ್ ನೇರವಾಗಿ ಸಾಕೆಟ್ಟಿನ ಅರ್ಥ್‌ಗೆ. ಫೇಸ್ ಮೊದಲು ಫ್ಯೂಸಿಗೆ, ಫ್ಯೂಸಿನಿಂದ ಡಬಲ್ ಪೋಲ್ ಸ್ವಿಚ್ಚಿನ ಒಂದು ಬದಿಗೆ, ಅಲ್ಲಿಂದ ಬೋರ್ಡಿಗೆ. ನ್ಯೂಟ್ರಲ್ ಸ್ವಿಚ್ಚಿನ ಇನ್ನೊಂದು ಬದಿಯ ಮೂಲಕ ಸಾಕೆಟ್ಟಿನ ನ್ಯೂಟ್ರಲ್‌ಗೆ. ರೆಗ್ಯುಲೇಟರ್ ಫೇಸ್‌ನಲ್ಲೇ ಕೂರಬೇಕು. ನ್ಯೂಟ್ರಲ್‌ನಲ್ಲಿ ಕೂರಿಸಿದರೂ ಫ್ಯಾನ್ ತಿರುಗುತ್ತದೆ, ನಿಧಾನವೂ ಆಗುತ್ತದೆ, ಆದರೆ ನಿಂತ ಫ್ಯಾನಿನ ಸುತ್ತುಗಳಲ್ಲಿ ಪೂರ್ತಿ ಫೇಸ್ ಕಾದು ಕುಳಿತಿರುತ್ತದೆ. ಪ್ಲಗ್‌ನ ಒಳಗೆ ಎಲ್, ಎನ್, ಇ ಎಂದು ಗುರುತಿರುತ್ತದೆ. ಅದನ್ನು ಓದಿಯೇ ಜೋಡಿಸಿ, ಎಡ ಬಲ ಎಂಬ ನೆನಪನ್ನು ನೆಚ್ಚಬೇಡಿ, ಏಕೆಂದರೆ ತೆರೆದ ಪ್ಲಗ್‌ನಲ್ಲಿ ಅದು ಸಾಕೆಟ್ಟಿಗೆ ಉಲ್ಟಾ ಕಾಣಬಹುದು.

ಗಾಳಿಗೆಂದು ದೊಡ್ಡ ತೂತುಗಳನ್ನು ಕೊರೆಯುವ ಅಗತ್ಯವಿಲ್ಲ. 75 ವ್ಯಾಟಿನ ಫ್ಯಾನ್ ಎಳೆಯುವುದು ಸುಮಾರು 0.33 ಆಂಪಿಯರ್, ಟ್ರಯಾಕಿನಲ್ಲಿ ಬಿಸಿಯಾಗಿ ಹೋಗುವುದು ಅರ್ಧ ವ್ಯಾಟಿಗೂ ಕಡಿಮೆ. ಹೀಟ್ ಸಿಂಕ್ ಬೇಕಿಲ್ಲ. ಬಿಟಿ136ಕ್ಕೆ ದೊಡ್ಡ ಅಲ್ಯೂಮಿನಿಯಂ ಫಲಕ ಬಿಗಿದು, ಅದರ ಅಂಚು ಪೆಟ್ಟಿಗೆಯ ಹೊರಗೆ ಇಣುಕುವಂತೆ ಬಿಟ್ಟವರು ತಾವೇ ಒಂದು ಶಾಕ್ ಯಂತ್ರ ತಯಾರಿಸಿದಂತಾಯಿತು. ತೂತು ಬೇಕೆನಿಸಿದರೆ 2 ಮಿ.ಮೀ. ಮೀರದಿರಲಿ, ಹಲ್ಲಿ ಮರಿಗೂ ಇರುವೆಗೂ ಬೆಚ್ಚಗಿನ ಕರೆಂಟಿನ ಡಬ್ಬಿ ಎಂದರೆ ಬಲು ಇಷ್ಟ.

ಹಂತ 5. ಬೋರ್ಡು ಬೆಸೆಯುವುದು

ಎಸಿ ತರಂಗ ಸೆಕೆಂಡಿಗೆ 100 ಅರ್ಧಗಳಾಗಿ ಬರುತ್ತದೆ, ಒಂದೊಂದೂ 10 ಮಿಲಿಸೆಕೆಂಡು. ನಾಬ್ ತಿರುಗಿಸಿದಾಗ ಕೆಪಾಸಿಟರ್ ತುಂಬುವ ವೇಗ ಬದಲಾಗುತ್ತದೆ. ಅದು ಸುಮಾರು 32 ವೋಲ್ಟ್ ಮುಟ್ಟಿದಾಗ ಡಯಾಕ್ ತೆರೆದು ಟ್ರಯಾಕನ್ನು ಎಬ್ಬಿಸುತ್ತದೆ. ಬೇಗ ಎಬ್ಬಿಸಿದರೆ ಫ್ಯಾನ್ ಜೋರು, ತಡವಾಗಿ ಎಬ್ಬಿಸಿದರೆ ನಿಧಾನ. ಇಷ್ಟು ತಿಳಿದಿದ್ದರೆ ಮುಂದಿನ ದೋಷಗಳನ್ನು ಹುಡುಕುವುದು ಸುಲಭ.

ಜೋಡಣೆಯನ್ನು ಮೂರು ಬಿಂದುಗಳಾಗಿ ನೆನಪಿಡಿ. ಮೊದಲ ಬಿಂದುವಿಗೆ ಸ್ವಿಚ್ಚಿನಿಂದ ಬಂದ ಫೇಸ್, ಟ್ರಯಾಕಿನ ಎರಡನೇ ಕಾಲು, 22 ಕಿಲೋ ಓಮಿನ ಒಂದು ತುದಿ, ಸ್ನಬ್ಬರಿನ 100 ಓಮಿನ ಒಂದು ತುದಿ ಮತ್ತು ಎಂಒವಿಯ ಒಂದು ಕಾಲು ಬರುತ್ತವೆ. ಎರಡನೇ ಬಿಂದುವಿಗೆ ಟ್ರಯಾಕಿನ ಒಂದನೇ ಕಾಲು, 400 ವೋಲ್ಟಿನ ಕೆಪಾಸಿಟರಿನ ಒಂದು ಕಾಲು, ಎಕ್ಸ್2 ಕೆಪಾಸಿಟರಿನ ಒಂದು ಕಾಲು ಮತ್ತು ಸಾಕೆಟ್ಟಿನ ಫೇಸ್‌ಗೆ ಹೋಗುವ ತಂತಿ. ಮೂರನೇ ಬಿಂದುವಿಗೆ ಪೊಟೆನ್ಶಿಯೋಮೀಟರಿನ ನಡುಗಾಲು, 400 ವೋಲ್ಟಿನ ಕೆಪಾಸಿಟರಿನ ಇನ್ನೊಂದು ಕಾಲು ಮತ್ತು ಡಯಾಕಿನ ಒಂದು ತುದಿ. ಉಳಿದ ತುದಿಗಳು ಹೀಗೆ: 22 ಕಿಲೋ ಓಮಿನ ಇನ್ನೊಂದು ತುದಿ ಪೊಟೆನ್ಶಿಯೋಮೀಟರಿನ ಅಂಚಿನ ಒಂದು ಕಾಲಿಗೆ, 100 ಓಮಿನ ಇನ್ನೊಂದು ತುದಿ ಎಕ್ಸ್2 ಕೆಪಾಸಿಟರಿನ ಉಳಿದ ಕಾಲಿಗೆ, ಡಯಾಕಿನ ಇನ್ನೊಂದು ತುದಿ ಗೇಟಿಗೆ, ಎಂಒವಿಯ ಇನ್ನೊಂದು ಕಾಲು ಸ್ವಿಚ್ಚು ದಾಟಿ ಬಂದ ನ್ಯೂಟ್ರಲ್‌ಗೆ. ಪೊಟೆನ್ಶಿಯೋಮೀಟರಿನ ಖಾಲಿ ಉಳಿದ ಅಂಚಿನ ಕಾಲನ್ನು ನಡುಗಾಲಿಗೆ ಸೇರಿಸಬೇಕು, ಮತ್ತು ಎರಡು ಅಂಚುಗಳ ನಡುವೆ 470 ಕಿಲೋ ಓಮನ್ನು ಬೆಸೆಯಬೇಕು. ಈ ಕೊನೆಯ ರೆಸಿಸ್ಟರ್ ಇಲ್ಲದಿದ್ದರೆ ನಾಬನ್ನು ಪೂರ್ತಿ ಇಳಿಸಿದಾಗ ಕೆಪಾಸಿಟರ್ 32 ವೋಲ್ಟ್ ಮುಟ್ಟುವುದೇ ಇಲ್ಲ. ಅದಕ್ಕಿಂತ ಸ್ವಲ್ಪ ಮೇಲೆ ಒಂದು ಜಾಗದಲ್ಲಿ ಫ್ಯಾನ್ ತಿರುಗದೆ, ಆದರೆ ಕರೆಂಟು ಎಳೆಯುತ್ತ ಸುಮ್ಮನೆ ಬಿಸಿಯಾಗುತ್ತದೆ. ಮೋಟಾರು ಸುಡುವುದು ಹೆಚ್ಚಾಗಿ ಅಲ್ಲೇ.

ಸ್ನಬ್ಬರನ್ನು ಬಿಟ್ಟು ಕಟ್ಟುವುದು ಎರಡನೇ ದೊಡ್ಡ ತಪ್ಪು. ಬಲ್ಬಿನಲ್ಲಿ ಅದು ಇಲ್ಲದೆಯೂ ನಡೆಯುತ್ತದೆ. ಮೋಟಾರಿನಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುವುದರಿಂದ, ಟ್ರಯಾಕ್ ಮುಚ್ಚಿದ ಕ್ಷಣದಲ್ಲೇ ಅದರ ಮೇಲೆ ವೋಲ್ಟೇಜ್ ಧುತ್ತೆಂದು ಏರಿ ಅದನ್ನು ಮತ್ತೆ ತೆರೆಸಿಬಿಡುತ್ತದೆ. ಆಗ ನಾಬ್ ಎಷ್ಟು ತಿರುಗಿಸಿದರೂ ಫ್ಯಾನ್ ತನ್ನ ಪಾಡಿಗೆ ಜೋರಾಗಿಯೇ ಓಡುತ್ತದೆ.

ತೂತುಬೋರ್ಡಿನಲ್ಲಿ ಬಿಂದುಗಳ ನಡುವೆ ಕನಿಷ್ಠ ಎರಡು ಸಾಲು ತೂತು ಖಾಲಿ ಬಿಟ್ಟು, ಆ ಸಾಲುಗಳ ತಾಮ್ರದ ಉಂಗುರಗಳನ್ನು ಚಾಕುವಿನಿಂದ ಕೆರೆದು ತೆಗೆಯಬೇಕು. ಬೇರೆ ಬೇರೆ ಬಿಂದುಗಳ ನಡುವೆ 3 ಮಿ.ಮೀ.ಗಿಂತ ಹೆಚ್ಚು, ಹೊರಗಿನಿಂದ ಕೈ ಮುಟ್ಟಬಹುದಾದ ಯಾವುದೇ ಲೋಹದಿಂದ 8 ಮಿ.ಮೀ.ಗಿಂತ ಹೆಚ್ಚು ದೂರವಿರಲಿ. ಟ್ರಯಾಕಿನ ಕಾಲುಗಳ ನಡುವಿನ ಅಂತರವೇ 2.54 ಮಿ.ಮೀ. ಆದ್ದರಿಂದ ನಡುಗಾಲನ್ನು ಇಕ್ಕಳದಿಂದ ಮುಂದಕ್ಕೆ ಬಾಗಿಸಿ ಬೇರೆ ಸಾಲಿಗೆ ಇಳಿಸಬೇಕು. ಮುಗಿದ ಮೇಲೆ ಫ್ಲಕ್ಸಿನ ಅಂಟನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೆಗೆದು, ಒಣಗಿದ ಬಳಿಕ ಸರ್ಕ್ಯೂಟ್ ವಾರ್ನಿಷ್ ಹಚ್ಚಿ. ಗೋವೆಯಲ್ಲೂ ಮುಂಬಯಿಯ ಸಮುದ್ರದಂಚಿನ ಬಡಾವಣೆಗಳಲ್ಲೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತೊಳೆಯದ ಬೋರ್ಡಿನ ಬೆಸುಗೆಯ ಸುತ್ತ ಹಸಿರು ಪುಡಿ ಕಾಣಿಸಿಕೊಳ್ಳಬಹುದು. ಆ ಪುಡಿ ತೇವ ಹೀರಿ ಕರೆಂಟು ಹಾಯಿಸುತ್ತದೆ.

ಹಂತ 6. ಕರೆಂಟಿಲ್ಲದೆ ಪರೀಕ್ಷೆ

ಫ್ಯೂಸ್ ಹಾಕಿ, ಸ್ವಿಚ್ ಆನ್ ಮಾಡಿ, ಪ್ಲಗ್ಗನ್ನು ಕೈಯಲ್ಲೇ ಹಿಡಿದು ಅಳೆಯಬೇಕು. ಅರ್ಥ್ ಪಿನ್ನಿಗೂ ಸಾಕೆಟ್ಟಿನ ಅರ್ಥ್‌ಗೂ ನಡುವೆ ಸೊನ್ನೆಯ ಹತ್ತಿರ ಓಮ್ ಇರಬೇಕು. ಅರ್ಥ್‌ಗೂ ಫೇಸ್‌ಗೂ, ಅರ್ಥ್‌ಗೂ ನ್ಯೂಟ್ರಲ್‌ಗೂ, ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಏನೂ ಇರಬಾರದು. ಮೊದಲ ಮತ್ತು ಮೂರನೇ ಬಿಂದುಗಳ ನಡುವೆ ನಾಬ್ ತಿರುಗಿಸಿದಂತೆ ಸುಮಾರು 22ರಿಂದ 265 ಕಿಲೋ ಓಮ್‌ವರೆಗೆ ಎಲ್ಲೂ ಹಾರದೆ ಏರಬೇಕು. ಇದರಲ್ಲಿ ಒಂದು ತಪ್ಪಿದರೂ ಮುಂದಿನ ಹಂತಕ್ಕೆ ಹೋಗಬಾರದು.

ಹಂತ 7. ಸೀರೀಸ್ ಬಲ್ಬಿನಲ್ಲಿ ಪರೀಕ್ಷೆ

ಇಲ್ಲಿಂದ ಮುಂದೆ ಪೆಟ್ಟಿಗೆಯ ಮುಚ್ಚಳ ಮುಚ್ಚಿಯೇ ಇರಬೇಕು. ತೆರೆದಿಟ್ಟು ನೋಡುವ ಆಸೆ ಎಲ್ಲರಿಗೂ ಬರುತ್ತದೆ. ನೋಡಬೇಕಾದದ್ದು ಬಲ್ಬನ್ನು, ಬೋರ್ಡನ್ನಲ್ಲ. ಕಾಲಿಗೆ ರಬ್ಬರ್ ಚಪ್ಪಲಿ, ಒಣ ನೆಲ, ಮನೆಯಲ್ಲಿ ಇನ್ನೊಬ್ಬರು, ಅವರಿಗೆ ಮೇನ್ ಸ್ವಿಚ್ ಎಲ್ಲಿದೆಯೆಂದು ತಿಳಿದಿರಬೇಕು.

100 ವ್ಯಾಟಿನ ಬಲ್ಬನ್ನು ಫೇಸ್‌ನಲ್ಲಿ ಸರಣಿಯಾಗಿ ಜೋಡಿಸಿದ ಪರೀಕ್ಷಾ ಬೋರ್ಡಿನಿಂದ ಪೆಟ್ಟಿಗೆಗೆ ಕರೆಂಟು ಕೊಡಿ. ಸಾಕೆಟ್ಟಿನಲ್ಲಿ ಏನೂ ಇಲ್ಲದಿದ್ದಾಗ ಈ ಬಲ್ಬು ಉರಿಯಬಾರದು. ಉರಿದರೆ ಒಳಗೆ ಶಾರ್ಟ್ ಇದೆ, ಮತ್ತು ಬಲ್ಬು ನಿಮ್ಮ ಫ್ಯೂಸನ್ನೂ ಬಹುಶಃ ಬೆರಳನ್ನೂ ಉಳಿಸಿತು.

ಮುಂದೆ ಸಾಕೆಟ್ಟಿಗೆ 60 ವ್ಯಾಟಿನ ಬಲ್ಬು ಹಾಕಿ ನಾಬ್ ತಿರುಗಿಸಿ. ಕೆಳಗಿನ ತುದಿಯಲ್ಲಿ ಅದು ಮಂಕಾಗಿ, ಮೇಲಿನ ತುದಿಯಲ್ಲಿ ಸಾಕಷ್ಟು ಬೆಳಗಬೇಕು. ಸರಣಿಯ 100 ವ್ಯಾಟಿನದು ಮಾತ್ರ ಆಗಲೂ ಮಂದವಾಗಿಯೇ ಇರುತ್ತದೆ. ನಾಬ್ ಎಲ್ಲಿದ್ದರೂ ಒಂದೇ ಸಮ ಬೆಳಗಿದರೆ ಟ್ರಯಾಕ್ ಶಾರ್ಟ್ ಆಗಿದೆ, ಇಲ್ಲವೇ ಅದರ ಒಂದು, ಎರಡನೇ ಕಾಲುಗಳು ಅದಲು ಬದಲಾಗಿವೆ. ಪಟಪಟನೆ ಮಿನುಗಿದರೆ ತರಂಗದ ಅರ್ಧ ಮಾತ್ರ ಹಾಯುತ್ತಿದೆ ಎಂದರ್ಥ. ಡಯಾಕ್ ಬದಲಿಸಿ ನೋಡಿ, ಆಮೇಲೆ ಟ್ರಯಾಕನ್ನು ಅನುಮಾನಿಸಿ. ಈ ದೋಷವನ್ನು ಹಾಗೇ ಬಿಟ್ಟು ಫ್ಯಾನ್ ಹಾಕಿದರೆ ಮೋಟಾರಿನ ಸುತ್ತಿನಲ್ಲಿ ಡಿಸಿ ಕರೆಂಟು ಹರಿದು ಅದು ಗುರುಗುಟ್ಟುತ್ತ ಬೇಗನೆ ಕಾಯುತ್ತದೆ. ಎಲ್ಲ ಸರಿಯಿದ್ದರೆ ಸರಣಿಯ ಬಲ್ಬನ್ನು ತೆಗೆದು, 60 ವ್ಯಾಟಿನ ಬಲ್ಬನ್ನು ನೇರ ಕರೆಂಟಿನಲ್ಲಿ ಅರ್ಧ ಗಂಟೆ ಉರಿಸಿ.

ವೋಲ್ಟೇಜ್ ಅಳೆದು ತೀರ್ಮಾನಕ್ಕೆ ಬರಬೇಡಿ. ಅಗ್ಗದ ಮೀಟರುಗಳು ಪೂರ್ಣ ತರಂಗಕ್ಕೆ ಹೊಂದಿಸಿದವು. ಕತ್ತರಿಸಿದ ತರಂಗದಲ್ಲಿ ಅವು ತೋರಿಸುವ ಅಂಕಿಗೆ ಅರ್ಥವಿಲ್ಲ.

ಹಂತ 8. ಫ್ಯಾನ್ ಜೋಡಿಸುವುದು

ಫ್ಯಾನಿನದೇ ವೇಗದ ಗುಂಡಿಯನ್ನು ಗರಿಷ್ಠದಲ್ಲಿಟ್ಟು, ನಾಬನ್ನೂ ಪೂರ್ತಿ ಏರಿಸಿ, ಸ್ವಿಚ್ ಹಾಕಿ. ಫ್ಯಾನ್ ವೇಗ ಹಿಡಿದ ಮೇಲೆ ನಿಧಾನವಾಗಿ ಇಳಿಸಬೇಕು. ದಿನಬಳಕೆಯಲ್ಲೂ ಹೀಗೆಯೇ: ಜೋರಿನಲ್ಲಿ ಶುರು, ಆಮೇಲೆ ಕಡಿಮೆ. ನಾಬನ್ನು ಕೆಳಗಿನ ತುದಿಗೆ ತಂದಾಗಲೂ ರೆಕ್ಕೆ ನಿಲ್ಲದೆ ತಿರುಗುತ್ತಿರಬೇಕು. ನಿಂತರೆ ಪ್ಲಗ್ ಕಿತ್ತು, ಒಂದು ನಿಮಿಷ ಕಾದು, ಎಕ್ಸ್2 ಕೆಪಾಸಿಟರಿನಲ್ಲಿ ಡಿಸಿ ವೋಲ್ಟ್ ಉಳಿದಿಲ್ಲವೆಂದು ಅಳೆದ ಮೇಲೆ 470ರ ಜಾಗಕ್ಕೆ 330, ಅದೂ ಸಾಲದಿದ್ದರೆ 220 ಕಿಲೋ ಓಮ್ ಹಾಕಿ.

ಕಡಿಮೆ ವೇಗದಲ್ಲಿ ಗುಂಯ್ ಎಂಬ ಸದ್ದು ಸ್ವಲ್ಪ ಇದ್ದೇ ಇರುತ್ತದೆ. ಈ ವಿಧಾನದಲ್ಲಿ ಅದು ಪೂರ್ತಿ ಹೋಗುವುದಿಲ್ಲ. ನಿದ್ದೆಗೆ ಅಡ್ಡಿಯಾದರೆ ಮಾರುಕಟ್ಟೆಯಲ್ಲಿ ಸಿಗುವ, ಕೆಪಾಸಿಟರುಗಳಿಂದ ಹಂತ ಹಂತವಾಗಿ ವೇಗ ಇಳಿಸುವ ರೆಗ್ಯುಲೇಟರೇ ವಾಸಿ. ಒಂದು ಗಂಟೆ ಕಡಿಮೆ ವೇಗದಲ್ಲಿ ಓಡಿಸಿ, ಪ್ಲಗ್ ಕಿತ್ತು ಮೋಟಾರಿನ ಮೈ ಮುಟ್ಟಿ. ಬೆಚ್ಚಗಿದ್ದರೆ ಸರಿ, ಅಂಗೈ ಇಟ್ಟುಕೊಳ್ಳಲಾಗದಷ್ಟು ಸುಡುತ್ತಿದ್ದರೆ ಆ ಫ್ಯಾನಿಗೆ ಅಷ್ಟು ನಿಧಾನ ಒಗ್ಗುವುದಿಲ್ಲ.

ಸಾಕೆಟ್ಟಿನ ಪಕ್ಕದಲ್ಲಿ ‘ಫ್ಯಾನ್ ಮಾತ್ರ, 75 ವ್ಯಾಟ್’ ಎಂದು ಅಳಿಸದ ಶಾಯಿಯಲ್ಲಿ ಬರೆದು ಅಂಟಿಸಿ. ಮೊಬೈಲ್ ಚಾರ್ಜರ್ ಸಿಕ್ಕಿಸಲು ಖಾಲಿ ಸಾಕೆಟ್ ಹುಡುಕುವ ಅತಿಥಿಗಳು ಪ್ರತಿ ಮನೆಗೂ ಬರುತ್ತಾರೆ. ಮನೆಯಲ್ಲಿ ಮರಾಠಿ ಮಾತ್ರ ಓದುವ ಕೆಲಸದವರಿದ್ದರೆ ಅದರಲ್ಲೂ ಒಂದು ಚೀಟಿ ಇರಲಿ.

ಹಂತ 9. ಬಳಕೆಯಲ್ಲಿ ಗಮನಿಸಬೇಕಾದ ಸೂಚನೆಗಳು

ನಾಬನ್ನು ಇಳಿಸಿದರೆ ಕರೆಂಟು ಹೋಯಿತೆಂದು ತಿಳಿಯಬಾರದು. ಟ್ರಯಾಕ್ ಮುಚ್ಚಿದ್ದರೂ ಸ್ನಬ್ಬರಿನ ಕೆಪಾಸಿಟರ್ ಮೂಲಕ ಸುಮಾರು 7 ಮಿಲಿಆಂಪಿಯರ್ ಹರಿಯಬಲ್ಲದು, ಅದು ಜೋರಾಗಿ ಜಗ್ಗುವಷ್ಟು ಶಾಕ್. ಫ್ಯಾನಿನ ರೆಕ್ಕೆ ಒರೆಸುವಾಗ, ಜಾಗ ಬದಲಿಸುವಾಗ ಪ್ಲಗ್ಗನ್ನೇ ಕೀಳಬೇಕು.

ಸುಟ್ಟ ವಾಸನೆ, ಪೆಟ್ಟಿಗೆಯ ಒಂದು ಮೂಲೆ ಮಾತ್ರ ಬಿಸಿ, ಪ್ಲಾಸ್ಟಿಕ್ ಹಳದಿಗೆ ತಿರುಗುವುದು, ನಾಬ್ ತಿರುಗಿಸುವಾಗ ಚಿಟಿಚಿಟಿ ಸದ್ದು, ಇವುಗಳಲ್ಲಿ ಯಾವುದು ಕಂಡರೂ ಆ ದಿನಕ್ಕೆ ಬಳಕೆ ನಿಲ್ಲಿಸಿ ತೆರೆದು ನೋಡಬೇಕು. 22 ಕಿಲೋ ಓಮಿನ ರೆಸಿಸ್ಟರ್ ಕಂದಿ ಕಪ್ಪಾಗಿದ್ದರೆ ಟ್ರಯಾಕ್ ತೆರೆಯುತ್ತಿಲ್ಲ. ಎಂಒವಿ ಸೀಳಿದ್ದರೆ ಸರ್ಜ್ ಬಂದು ಹೋಗಿದೆ, ಅದನ್ನೂ ಫ್ಯೂಸನ್ನೂ ಒಟ್ಟಿಗೆ ಬದಲಿಸಿ. ಆರ್‌ಸಿಸಿಬಿ ಬಿದ್ದರೆ ಮತ್ತೆ ಎತ್ತುವ ಮೊದಲು ಪೆಟ್ಟಿಗೆಯನ್ನು ಕಿತ್ತಿಟ್ಟು ಆರನೇ ಹಂತದ ಅಳತೆಗಳನ್ನು ಮೊದಲಿನಿಂದ ಮಾಡಬೇಕು. ಮಳೆಗಾಲ ಮುಗಿದ ಕೂಡಲೇ ಸುಮ್ಮನೆ ಒಮ್ಮೆ ಮಾಡಿ ನೋಡುವುದೂ ಒಳ್ಳೆಯದು.

ಫ್ಯೂಸ್ ಹೋದರೆ ಅದೇ 1 ಆಂಪಿಯರಿನದನ್ನು ಒಂದು ಬಾರಿ ಮಾತ್ರ ಬದಲಿಸಿ, ಅದನ್ನೂ ಸರಣಿಯ ಬಲ್ಬಿನೊಂದಿಗೆ ಪರೀಕ್ಷಿಸಿ. ಎರಡನೆಯದೂ ಹೋದರೆ ಟ್ರಯಾಕ್, ಎಂಒವಿ ಅಥವಾ ಫ್ಯಾನಿನ ಸುತ್ತು ಕೆಟ್ಟಿದೆ. ದೊಡ್ಡ ಫ್ಯೂಸನ್ನಾಗಲಿ, ಹೋಲ್ಡರಿಗೆ ಸುತ್ತಿದ ತಾಮ್ರದ ಎಳೆಯನ್ನಾಗಲಿ ಅಲ್ಲಿ ಹಾಕಬಾರದು.